ಸೈಕಲ್ಲೇ ಗತಿ ಅನ್ನುವವರಿಗೆ ಒಂದು ರಿಪೇರಿ ಶೆಡ್: ಎಲ್ಲಿಂದ ಶುರು ಮಾಡೋದು?

ಶೆಡ್_ಕೀಲಿ:

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಸಣ್ಣ ಸಂಘ ಕಟ್ಟಿಕೊಂಡಿದ್ದೇವೆ. ಲಾಭದ ಉದ್ದೇಶ ಇಲ್ಲ. ಸೈಕಲ್ ಬಿಟ್ಟರೆ ಬೇರೆ ಗತಿ ಇಲ್ಲದವರು ಇರುತ್ತಾರಲ್ಲ, ರಾತ್ರಿ ಪಾಳಿಯವರು, ನಾಲ್ಕಾರು ಮನೆ ಸುತ್ತಿ ಕೆಲಸ ಮಾಡುವವರು, ಹೊಟ್ಟೆಪಾಡಿಗೆ ಹೊಸ ಊರಿಗೆ ಬಂದವರು, ಪಾರ್ಸೆಲ್ ಮುಟ್ಟಿಸುವ ಹುಡುಗರು, ಅಂಥವರಿಗಾಗಿ ಒಂದು ರಿಪೇರಿ ಶೆಡ್ ನಡೆಸಬೇಕು ಅಂತ ಯೋಚನೆ. ಜಾಗ ಸಿಕ್ಕಿದೆ, ಬಾಡಿಗೆ ಇಲ್ಲ. "ಹಳೇ ಸೈಕಲ್ ಇದ್ದರೆ ಕೊಡಿ" ಅಂತ ಒಂದು ಮಾತು ಹಾಕಿದ್ದಷ್ಟೇ, ಈಗ ಒಳಗೆ ಕಾಲಿಡಲು ಜಾಗ ಇಲ್ಲ. ಅರ್ಧ ಮಕ್ಕಳ ಸೈಕಲ್. ಇನ್ನರ್ಧದಲ್ಲಿ ಯಾವುದು ಓಡುತ್ತದೆ, ಯಾವುದು ಗುಜರಿ ಅಂತ ನಮಗೆ ಗೊತ್ತಾಗುತ್ತಿಲ್ಲ. ನಮ್ಮಲ್ಲಿ ಇಬ್ಬರಿಗೆ ಪಂಕ್ಚರ್ ಹಾಕಲು ಬರುತ್ತದೆ. ನನಗೆ ಅದೂ ಬರುವುದಿಲ್ಲ, ನಾನು ಲೆಕ್ಕ ಬರೆಯುವವಳು.

ಜಗಳ ಈಗಾಗಲೇ ಶುರುವಾಗಿದೆ. ಒಬ್ಬರು ಎಲ್ಲವನ್ನೂ ಪುಕ್ಕಟೆ ಕೊಡೋಣ ಅನ್ನುತ್ತಾರೆ. ಇನ್ನೊಬ್ಬರು ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ, ಕಷ್ಟದಲ್ಲಿರುವವರು ಅನ್ನುವುದಕ್ಕೆ ದಾಖಲೆ ಕೇಳಿ ಕೊಡೋಣ ಅನ್ನುತ್ತಾರೆ. ನನಗೆ ಇನ್ನೊಂದು ಕೊರಗು ಇದೆ. ಪಕ್ಕದ ರಸ್ತೆಯಲ್ಲೇ ಒಬ್ಬರು ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾರೆ. ಒಂದು ಪಂಪು, ಒಂದು ಬಕೆಟ್ ನೀರು, ಒಂದು ಪೆಟ್ಟಿಗೆ, ಅಷ್ಟೇ ಅವರ ಬಂಡವಾಳ. ನಾವು ಪುಕ್ಕಟೆ ಅಂತ ಬೋರ್ಡು ಹಾಕಿದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ ಅಲ್ವಾ?

ಇಂಥ ಶೆಡ್ ನಡೆಸಿದವರು, ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮೊದಲು ಏನು ಮಾಡಬೇಕು?


ಚಕ್ರಪುರಾಣ:

ಒಳ್ಳೆಯ ಕೆಲಸ, ಬಿಡಬೇಡಿ. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ, ಓದಿದ್ದನ್ನು ಹೇಳುತ್ತೇನೆ.

ಅಮೆರಿಕದ ಬಾಸ್ಟನ್‌ನಲ್ಲಿ 'ಬೈಕ್ಸ್ ನಾಟ್ ಬಾಂಬ್ಸ್' ಅಂತ ಒಂದು ಸಂಸ್ಥೆ ಇದೆ. 1984ರಲ್ಲಿ ಶುರುವಾದದ್ದು. ನಿಕರಾಗುವಾ ದೇಶಕ್ಕೆ ಅಮೆರಿಕ ಸರ್ಕಾರದ ನೆರವಿನಿಂದ ಬಂದೂಕು ಹೋಗುತ್ತಿತ್ತು, ಇವರು ಹಳೇ ಸೈಕಲ್ ಕಳಿಸಿದರು. ಆಮೇಲೆ ಊರಿನ ಹುಡುಗರಿಗೆ ರಿಪೇರಿ ಕಲಿಸಿ, ಕಲಿಯುತ್ತಾ ಸರಿಮಾಡಿದ ಸೈಕಲ್ಲನ್ನೇ ಮನೆಗೆ ಕೊಟ್ಟು ಕಳಿಸುವ ಕ್ರಮ ತಂದರು. ದುಡಿದು ಗಳಿಸುವ ಸೈಕಲ್. ಇದನ್ನು ಎಷ್ಟೋ ಊರುಗಳಲ್ಲಿ ಬೇರೆಯವರೂ ನಡೆಸುತ್ತಾರೆ. ಲಂಡನ್ನಿನಲ್ಲಿ 2013ರಿಂದ 'ದ ಬೈಕ್ ಪ್ರಾಜೆಕ್ಟ್' ನಿರಾಶ್ರಿತರಿಗೆ ಸೈಕಲ್ ಕೊಡುತ್ತಿದೆ. ಆಶ್ರಯ ಕೇಳಿ ಬಂದವರಿಗೆ ಅಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವ ಅನುಮತಿ ಇರುವುದಿಲ್ಲ. ಸಿಗುವ ಚೂರು ಭತ್ಯೆ ಬಸ್ಸಿಗೇ ಹೋಗುತ್ತದೆ. ಹಾಗಾಗಿ ಸೈಕಲ್. ಫ್ರಾನ್ಸಿನಲ್ಲಿ ಮತ್ತೊಂದು ಥರ: ಸದಸ್ಯರಾಗಿ, ಶೆಡ್‌ಗೆ ಬಂದು, ಅಲ್ಲಿನ ಸಾಮಾನು ಬಳಸಿ ನಿಮ್ಮ ಸೈಕಲ್ ನೀವೇ ಸರಿಮಾಡಿಕೊಳ್ಳಿ, ಪಕ್ಕದಲ್ಲಿ ಒಬ್ಬರು ಹೇಳಿಕೊಡುತ್ತಾರೆ.

ಪುಕ್ಕಟೆಯ ಬಗ್ಗೆ ಹೇಳುವುದಾದರೆ 1965ರ ಆಮ್‌ಸ್ಟರ್‌ಡ್ಯಾಮ್ ನೆನಪಾಗುತ್ತದೆ. ಪ್ರೊವೋ ಅನ್ನುವ ಗುಂಪಿನವರು ಸೈಕಲ್ಲಿಗೆ ಬಿಳಿ ಬಣ್ಣ ಬಳಿದು ಬೀಗ ಹಾಕದೆ ರಸ್ತೆಯಲ್ಲಿ ಬಿಟ್ಟರು. ಯಾರು ಬೇಕಾದರೂ ಓಡಿಸಲಿ ಅಂತ. ಬೀಗ ಇಲ್ಲದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧ ಅಂತ ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಸೈಕಲ್ ಕೊಡುವ ಮೊದಲು ಬೀಗ ಕೊಡಿ ಅನ್ನುವುದು ನನ್ನ ಸಲಹೆ.


ಗ್ರೀಸ್_ಕೈ:

ಮೇಡಂ, ನಾನು ಮೊದಲು ಪಂಕ್ಚರ್ ಅಂಗಡಿ ಇಟ್ಟಿದ್ದವನು. ಈಗ ನಿಮ್ಮಂಥದ್ದೇ ಒಂದು ಸಂಘದ ಶೆಡ್‌ನಲ್ಲಿ ಸಂಬಳಕ್ಕಿದ್ದೇನೆ. ಎರಡೂ ಕಡೆ ನಿಂತು ನೋಡಿದವನ ಮಾತು ಅಂತ ಓದಿ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪುಕ್ಕಟೆಯೋ ದುಡ್ಡೋ ಅನ್ನುವ ಜಗಳ ಆಮೇಲೆ ಮಾಡಿ. ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ: ನೀವು ಸೈಕಲ್ ಹಂಚುವವರೋ, ಓಡುತ್ತಿರುವ ಸೈಕಲ್ ನಿಲ್ಲದ ಹಾಗೆ ನೋಡಿಕೊಳ್ಳುವವರೋ? ಹಂಚಿದರೆ ಫೋಟೋ ಬರುತ್ತದೆ, ಚಪ್ಪಾಳೆ ಬರುತ್ತದೆ. ಆದರೆ ನೀವು ಹೇಳಿದ ಜನರಲ್ಲಿ ಜಾಸ್ತಿ ಮಂದಿಯ ಹತ್ತಿರ ಈಗಾಗಲೇ ಒಂದು ಸೈಕಲ್ ಇದೆ. ಅದು ಅರೆಜೀವದಲ್ಲಿ ಓಡುತ್ತಿದೆ. ಅದು ನಿಂತ ದಿನ ಅವರ ಕೂಲಿ ಹೋಗುತ್ತದೆ. ಅಲ್ಲಿ ನಿಮ್ಮ ಅವಶ್ಯಕತೆ ಇದೆ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ಬಂದರು. ಬೆಳಕು ಹರಿಯುವ ಮೊದಲೇ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ ಅವರದ್ದು. ಎಡಗಡೆಯ ಪೆಡಲ್ಲಿಗೆ ಹಳೇ ಸೀರೆಯ ಚೂರು ಸುತ್ತಿ, ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ಕಬ್ಬಿಣದ ತೋಳಿನ, ತೂತಿನೊಳಗೆ ಕಲ್ಲಿನಿಂದ ಬಡಿದು ಕೂರಿಸಿದ್ದರು. ಬಟ್ಟೆ ಎಣ್ಣೆ ಕುಡಿದು ಕಪ್ಪಾಗಿ ಹೋಗಿತ್ತು. ತೂತು ಉರುಟಾಗಿ ಇರಲೇ ಇಲ್ಲ, ಮರೆ (ಒಳಗಿನ ತಿರುಪಿನ ಗೆರೆ) ಪೂರ್ತಿ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಎಡ ಪೆಡಲ್ಲಿನ ಮರೆ ಉಲ್ಟಾ ಇರುತ್ತದೆ, ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಯಾರೋ ಬಲಗಡೆಯ ಪೆಡಲ್ಲನ್ನು ಎಡಕ್ಕೆ ಬಲವಂತವಾಗಿ ತುರುಕಿದ್ದರು. ಸಂಘದ ಹುಡುಗ ಒಬ್ಬ ಬಹಳ ಮರ್ಯಾದೆಯಿಂದಲೇ, "ಬಿಟ್ಟು ಹೋಗಿ ಅಮ್ಮ, ಗುರುವಾರ ಬನ್ನಿ" ಅಂದ. ಅವರು ಒಂದು ಮಾತೂ ಆಡದೆ ಸೈಕಲ್ ತಿರುಗಿಸಿದರು. ಗುರುವಾರದ ತನಕ ಏನು ಮಾಡಬೇಕು ಅಂತ ಕೇಳಲೂ ಇಲ್ಲ. ಕೇಳಿ ಅಭ್ಯಾಸ ಇದ್ದರೆ ತಾನೇ?

ನಾನು ಕರೆದು ಕೂರಿಸಿದೆ. ಗುಜರಿ ರಾಶಿಯಲ್ಲಿ ಫ್ರೇಮ್ ಸೀಳಿದ ಒಂದು ಸೈಕಲ್ ಇತ್ತು. ಅದರ ಎಡ ಕ್ರ್ಯಾಂಕು, ಪೆಡಲ್ಲು ಎರಡನ್ನೂ ಬಿಚ್ಚಿ, ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಮಾತ್ರ ಹೊಸದು ಹಾಕಿ ಕೊಟ್ಟೆ. ಅವರು ನೀರು ಕುಡಿದು ಏಳುವಷ್ಟರಲ್ಲಿ ಮುಗಿದಿತ್ತು. ಆ ಸತ್ತ ಸೈಕಲ್ಲನ್ನು ನಾವು ಜಾಗ ಇಲ್ಲ ಅಂತ ಹಿಂದಿನ ವಾರವೇ ತೂಕಕ್ಕೆ ಹಾಕಿಬಿಡಬೇಕು ಅಂತಿದ್ದೆವು.

ಇದರಿಂದ ಎರಡು ಕೆಲಸ ಹುಟ್ಟಿತು. ಬಂದವರಿಗೆ ಮೊದಲು ಕೇಳುವ ಪ್ರಶ್ನೆ "ನಿಮ್ಮ ಹತ್ತಿರ ದಾಖಲೆ ಇದೆಯಾ" ಅಂತಲ್ಲ, "ಈ ಸೈಕಲ್ ನಿಮಗೆ ಮತ್ತೆ ಯಾವ ಹೊತ್ತಿಗೆ ಬೇಕು" ಅಂತ. ನಾಳೆ ಬೆಳಗಿನ ಜಾವಕ್ಕೆ ಬೇಕು ಅಂದರೆ ಅವರು ಸಾಲಿನಲ್ಲಿ ಮುಂದೆ. ಭಾನುವಾರ ಸುಮ್ನೆ ಸುತ್ತಾಡೋಕೆ ಅಂದರೆ ಹಿಂದೆ, ಅವರು ಎಷ್ಟೇ ದೊಡ್ಡ ದಾನಿಯಾಗಿರಲಿ. ಎರಡನೆಯದು, ಅದೇ ದಿನ ಆಗದ ಕೆಲಸ ಬಂದರೆ ಕೊಟ್ಟು ಕಳಿಸಲು ಕೆಲವು ಬದಲಿ ಸೈಕಲ್ ಇಟ್ಟಿದ್ದೇವೆ. ಚೆಂದ ಇಲ್ಲ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಗೇರು, ಮಡ್‌ಗಾರ್ಡು, ಕ್ಯಾರಿಯರ್ರು, ಬೀಗ. ಅವರ ಸೈಕಲ್ ನಮ್ಮ ಹತ್ತಿರ ಇರುತ್ತದಲ್ಲ, ಅದೇ ಗ್ಯಾರಂಟಿ.

ದಾಖಲೆ ಕೇಳುವ ವಿಚಾರ ಬಿಟ್ಟೇಬಿಡಿ. ಸೈಕಲ್ ನೋಡಿದರೆ ಗೊತ್ತಾಗುತ್ತದೆ. ಸೀಟು ಸವೆದ ರೀತಿ, ಕ್ಯಾರಿಯರ್ರಿಗೆ ಹಗ್ಗ ಉಜ್ಜಿ ಬಣ್ಣ ಹೋದ ಗೆರೆ, ಬ್ರೇಕ್ ಶೂ ರಬ್ಬರು ಮುಗಿದು ಲೋಹ ರಿಮ್ಮಿಗೆ ಕೊರೆದ ಗುರುತು, ಇದಕ್ಕಿಂತ ದೊಡ್ಡ ದಾಖಲೆ ಬೇಕಾ? ನಾಲ್ಕು ಜನರ ಮುಂದೆ ನಾನು ಬಡವ ಅಂತ ಕಾಗದ ತೋರಿಸುವುದಕ್ಕಿಂತ ನಡೆದುಕೊಂಡೇ ಹೋಗುವವರು ಜಾಸ್ತಿ.

ಇನ್ನು ನಿಮ್ಮ ರಾಶಿ. ಕರುಣೆ ತೋರಿಸಬೇಡಿ. ಮೊದಲು ಫ್ರೇಮ್ ನೋಡಿ, ಉಳಿದದ್ದೆಲ್ಲ ಆಮೇಲೆ. ಹ್ಯಾಂಡಲ್ ಕೂರುವ ಕೊಳವೆಯ ಕೆಳಗೆ, ಓರೆ ಪೈಪು ಬಂದು ಸೇರುವ ಜಾಗದಲ್ಲಿ ಬೆರಳು ಆಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬಿದ್ದರೆ ಆ ಸೈಕಲ್ ಎದುರಿಗೆ ಎಲ್ಲೋ ಗುದ್ದಿದೆ. ಪೆಡಲ್ ಅಚ್ಚು ಕೂರುವ ಕೊಳವೆಯ ಸುತ್ತ ಬೆಸುಗೆಯಲ್ಲಿ ಕೂದಲೆಳೆ ಥರ ಗೆರೆ ಇದ್ದರೆ ಅದು ಸೀಳು. ಪಕ್ಕದಿಂದ ನಿಂತು ಮುಂದಿನ ಚಕ್ರ ಹಿಡಿದಿರುವ ಫೋರ್ಕು ನೋಡಿ, ಹಿಂದಕ್ಕೆ ಒತ್ತಿಕೊಂಡಂತೆ ಕಂಡರೆ ಬೇಡ. ಇಂಥ ಫ್ರೇಮನ್ನು ಯಾರಿಗೂ ಕೊಡಬೇಡಿ, ಪುಕ್ಕಟೆಯಾಗಿಯೂ ಕೊಡಬೇಡಿ. ಬಿಡಿಭಾಗ ಬಿಚ್ಚಿಕೊಂಡು, ಯಾರೂ ಮತ್ತೆ ಎತ್ತಿಕೊಂಡು ಹೋಗಿ ಓಡಿಸದ ಹಾಗೆ ಕತ್ತರಿಸಿ ಗುಜರಿಗೆ ಹಾಕಿ. ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ ಮಾಡಿ ಹಾಕಿದರೆ ಜಾಸ್ತಿ ಸಿಗುತ್ತದೆ.

ಫ್ರೇಮ್ ಗಟ್ಟಿ ಇದ್ದರೆ ಅದರ ನಂಬರ್ ಬರೆದುಕೊಳ್ಳಿ. ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೊಳವೆಯ ಅಡಿಯಲ್ಲಿ ಹೊಡೆದಿರುತ್ತಾರೆ. ಯಾರು ಕೊಟ್ಟರು, ಯಾವತ್ತು ಕೊಟ್ಟರು, ಇದು ನೀವು ಲೆಕ್ಕ ಬರೆಯುವವರು ಮಾಡುವ ಕೆಲಸ. ಬಾಗಿಲಿಗೆ ಬಂದು "ತಗೊಳ್ತೀರಾ" ಅಂತ ಮಾರಲು ನಿಲ್ಲುವವರಿಂದ ಕೊಳ್ಳಬೇಡಿ. ಕದ್ದ ಮಾಲು ಒಂದು ಬಂದರೆ ಸಾಕು, ಶೆಡ್‌ನ ಹೆಸರು ಹೋಗುತ್ತದೆ.

ಟೈರಿನ ವಿಷಯದಲ್ಲಿ ನಿಮ್ಮ ಹುಡುಗರು ತಲೆ ಚಚ್ಚಿಕೊಳ್ಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. 26 ಇಂಚಿನ ಟೈರು ಅಂತ ಬರೆದಿದ್ದರೆ ಅದಕ್ಕೆ ಏನೂ ಅರ್ಥ ಇಲ್ಲ. ಗೇರ್ ಸೈಕಲ್ಲಿನ ದಪ್ಪ 26ಕ್ಕೆ ರಿಮ್ಮು ಕೂರುವ ಅಳತೆ 559 ಮಿ.ಮೀ. ಹಳೇ ಕಾಲದ 26 × 1 3/8ಕ್ಕೆ 590. ಎರಡೂ 26ಏ, ಒಂದರ ಟೈರು ಇನ್ನೊಂದಕ್ಕೆ ಸತ್ತರೂ ಕೂರುವುದಿಲ್ಲ. 28 ಅಂತ ಬರೆದಿರುವುದರಲ್ಲೂ ಹೀಗೆ: ದೊಡ್ಡ ಕರೀ ಸೈಕಲ್ಲಿನ 28 × 1 1/2 ಅಂದರೆ 635, ಈಗಿನ 700ಸಿ ಅಂದರೆ 622. ಟೈರಿನ ಪಕ್ಕದಲ್ಲಿ ಸಣ್ಣದಾಗಿ 40-635 ಥರ ಎರಡು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ದಪ್ಪ, ಎರಡನೆಯ ಮೂರಂಕಿಯದ್ದೇ ನಿಮ್ಮ ದೇವರು. ಗೋಡೆಗೆ ಮೊಳೆ ಹೊಡೆದು ಆ ಸಂಖ್ಯೆಯ ಪ್ರಕಾರವೇ ಟೈರು ನೇತುಹಾಕಿ.

ದಾನದಲ್ಲಿ ಸಿಗದ ಸಾಮಾನು ಕೆಲವು ಇವೆ. ಟ್ಯೂಬು, ಬ್ರೇಕ್ ಶೂ, ಕೇಬಲ್ಲು, ಚೈನು. ಇವು ಸವೆಯುವುದಕ್ಕೇ ಇರುವಂಥವು. ಹಳೇದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿ ಕಂಜೂಸಿ ಮಾಡಬೇಡಿ. ಅದರಲ್ಲೂ ಗೇರಿನ ಕೇಬಲ್ಲನ್ನು ಬ್ರೇಕಿಗೆ ಹಾಕಲೇಬಾರದು. ಒಳಗಿನ ತಂತಿ ತೆಳು. ಹೊರಗಿನ ಕವಚ ಇನ್ನೂ ಅಪಾಯ: ಬ್ರೇಕಿನದ್ದರಲ್ಲಿ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ, ಗೇರಿನದ್ದರಲ್ಲಿ ಉದ್ದಕ್ಕೆ ಮಲಗಿರುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಅದು ಸೀಳಿಕೊಂಡು ಹೊರಗೆ ಬರುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಚೈನಿಗೆ ಒಂದು ಸ್ಕೇಲು ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟು ನೋಡಿ, ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಇಂಚಿನ 16ನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಾಯಿಸಿ. 8ನೇ ಒಂದು ಭಾಗದಷ್ಟು ಬಂದರೆ ಹಿಂದಿನ ಚಕ್ರದ ಹಲ್ಲುಗಾಲಿಯನ್ನೂ (ಫ್ರೀವೀಲು) ತಿಂದುಹಾಕಿರುತ್ತದೆ, ಬರೀ ಚೈನು ಹೊಸದು ಹಾಕಿದರೆ ಹಾರುತ್ತದೆ.

ಪಂಕ್ಚರ್ ಅಂಗಡಿಯವರ ಬಗ್ಗೆ ನೀವು ಕೇಳಿದ್ದಕ್ಕೆ ಖುಷಿಯಾಯಿತು. ಯಾರೂ ಕೇಳುವುದಿಲ್ಲ. ನನ್ನ ಅಂಗಡಿಯ ಎದುರು ಒಂದು ಸಲ ಹೀಗೇ ಒಳ್ಳೆ ಮನಸ್ಸಿನವರು ಉಚಿತ ರಿಪೇರಿ ಶಿಬಿರ ಅಂತ ಟೆಂಟು ಹಾಕಿದ್ದರು. ಎರಡು ದಿನ ನಾನು ಗಾಳಿ ಹೊಡೆಯುವ ಪಂಪಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಮೂರನೇ ದಿನ ಅವರು ಇರಲಿಲ್ಲ, ಅವರು ಬಿಗಿ ಮಾಡದೆ ಬಿಟ್ಟ ನಟ್ಟುಗಳು ನನ್ನ ಹತ್ತಿರ ಬಂದವು. ನೀವು ಹಾಗೆ ಮಾಡಬೇಡಿ. ಮೊದಲ ದಿನವೇ ಅವರ ಹತ್ತಿರ ಹೋಗಿ. ನಾವು ಪಂಕ್ಚರ್ ಹಾಕುವುದಿಲ್ಲ, ನಿಮ್ಮ ಹತ್ತಿರ ಕಳಿಸುತ್ತೇವೆ, ಕೈಯಲ್ಲಿ ಕಾಸಿಲ್ಲದವರದ್ದು ನಮ್ಮ ಲೆಕ್ಕಕ್ಕೆ ಬರೆಯಿರಿ ಅನ್ನಿ. ವಾರಕ್ಕೊಂದು ಸಂಜೆ ನಮ್ಮ ಹುಡುಗರಿಗೆ ಕಲಿಸಿ, ಇಷ್ಟು ಕೊಡುತ್ತೇವೆ ಅನ್ನಿ. ಕೈ ಮುಗಿದು ಸೇವೆ ಮಾಡಿ ಅಂತ ಕೇಳಬೇಡಿ. ಸೇವೆ ಅನ್ನುವುದು ಹೊಟ್ಟೆ ತುಂಬಿದವರು ಮಾಡುವ ಕೆಲಸ. ಅವರ ಒಂದು ಸಂಜೆ ಅಂದರೆ ಅವರ ಒಂದು ಸಂಜೆಯ ವ್ಯಾಪಾರ.

ಕೊನೆಗೆ ನಿಮ್ಮ ಸ್ವಯಂಸೇವಕರು. ಸೈಕಲ್ ಹುಚ್ಚಿನವರು ಬಂದೇ ಬರುತ್ತಾರೆ, ಬರಲಿ, ಕೈಯಲ್ಲಿ ಕಸುಬು ಇರುತ್ತದೆ. ಆದರೆ ಅವರು ಬಂದವರ ಸೈಕಲ್ಲಿಗೆ ಹಗುರ ರಿಮ್ಮು, ತೆಳು ಟೈರು, ಬಗ್ಗಿದ ಹ್ಯಾಂಡಲ್ಲು ಹಾಕಲು ಹೊರಡುತ್ತಾರೆ. ಗ್ಯಾಸ್ ಸಿಲಿಂಡರ್ ಹೊರುವ ಸೈಕಲ್ಲಿಗೆ ಅದೆಲ್ಲ ಯಾಕೆ? ಇಲ್ಲಿ ಕ್ಯಾರಿಯರ್ ಇಲ್ಲದ ಸೈಕಲ್ ಅಂದರೆ ಅರ್ಧ ಸೈಕಲ್. ಗಟ್ಟಿ ಸ್ಟ್ಯಾಂಡು, ದಪ್ಪ ಟೈರು, ಎರಡೂ ಬ್ರೇಕು, ದೀಪ, ಬೀಗ. ಅದರಾಚೆಗೆ ಏನೂ ಬೇಡ.


ರಾತ್ರಿ_ಪಾಳಿ:

ನಾನು ನೀವು ಹೇಳುತ್ತಿರುವ ಜನದಲ್ಲಿ ಒಬ್ಬ. ಗೋಡೌನ್ ಒಂದರಲ್ಲಿ ರಾತ್ರಿ ಕಾವಲು. ಗ್ರೀಸ್_ಕೈ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ.

ನಮ್ಮ ಕಡೆಯೂ ಇಂಥ ಒಂದು ಶೆಡ್ ಇತ್ತು. ಬೆಳಿಗ್ಗೆ 10ರಿಂದ ಸಂಜೆ 5. ಆಗ ನಾನು ನಿದ್ದೆಯಲ್ಲಿರುತ್ತೇನೆ. ಹಗಲು ಕೆಲಸದವರು ಕೆಲಸದಲ್ಲಿರುತ್ತಾರೆ. ಹಾಗಾದರೆ ಅದು ಯಾರಿಗಾಗಿ ತೆರೆದಿತ್ತು? ಸಂಜೆ 6ರಿಂದ 9ರ ತನಕ ತೆಗೆಯಿರಿ, ಪಾಳಿಗೆ ಹೋಗುವವರು, ಪಾಳಿ ಮುಗಿಸಿದವರು ಇಬ್ಬರೂ ಸಿಗುತ್ತಾರೆ.

ಇನ್ನೊಂದು. ಹೋದವರಿಗೆಲ್ಲ ಹೆಲ್ಮೆಟ್ ಬಗ್ಗೆ ಭಾಷಣ ಬೇಡ. ದೀಪ ಕೊಡಿ. ನನಗೆ ಹಿಂದುಗಡೆ ಕೆಂಪು ದೀಪ ಇಲ್ಲದಿದ್ದಾಗ ಲಾರಿಯವರು ಹಾರ್ನ್ ಹೊಡೆಯುತ್ತಲೂ ಇರಲಿಲ್ಲ, ಯಾಕಂದರೆ ನಾನು ಅವರಿಗೆ ಕಾಣಿಸುತ್ತಲೇ ಇರಲಿಲ್ಲ. ಕನಿಷ್ಠ ಹಿಂದಿನ ಮಡ್‌ಗಾರ್ಡಿಗೆ ಒಂದು ರಿಫ್ಲೆಕ್ಟರ್ ಆದರೂ ಹಾಕಿ ಕಳಿಸಿ.

ಮತ್ತೆ, ರಿಪೇರಿ ಮಾಡುವಾಗ ನಮ್ಮನ್ನು ಹೊರಗೆ ನಿಲ್ಲಿಸಬೇಡಿ. ಬೆಂಚಿನ ಪಕ್ಕ ನಿಲ್ಲಿಸಿಕೊಂಡು ಮಾಡಿ. ಅರ್ಧ ಕೆಲಸ ನೋಡಿಯೇ ಕಲಿಯುತ್ತೇವೆ.


ಪೈಸೆ_ಪೈಸೆ:

ಎಲ್ಲ ಸರಿ, ಆದರೆ ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಟ್ಯೂಬು, ಕೇಬಲ್ಲು ಹೊಸದೇ ಹಾಕಬೇಕು ಅಂತೀರಿ, ಪಂಕ್ಚರ್ ಅಂಗಡಿಯವರಿಗೂ ಕೊಡಬೇಕು ಅಂತೀರಿ, ಮೆಕ್ಯಾನಿಕ್ಕಿಗೆ ಸಂಬಳ. ಎಲ್ಲಿಂದ ಬರಬೇಕು? ನಾನು ಬೇರೆ ಥರದ ಸಂಘಗಳ ಲೆಕ್ಕ ನೋಡಿದ್ದೇನೆ. ದಾನದ ಮೇಲೆ ಮಾತ್ರ ನಿಂತದ್ದು ಮೊದಲ ಉತ್ಸಾಹ ಇಳಿದ ಮೇಲೆ ಬಾಗಿಲು ಹಾಕುತ್ತದೆ. ಎಲ್ಲರಿಂದಲೂ ಒಂದು ಸಣ್ಣ ಶುಲ್ಕ ತಗೊಳ್ಳಿ, ಅದರಲ್ಲಿ ನಾಚಿಕೆ ಏನಿದೆ? ಕೆಲಸ ಮಾಡಿ ಸೈಕಲ್ ಗಳಿಸುವ ಬಾಸ್ಟನ್ ಕ್ರಮ ನನಗೆ ಇಷ್ಟವಾಯಿತು. ಶ್ರಮ ಹಾಕಲಿ, ಸೈಕಲ್ ತಗೊಳ್ಳಲಿ.


ಗ್ರೀಸ್_ಕೈ:

ಪೈಸೆ_ಪೈಸೆ ಅವರೇ, ಶುಲ್ಕಕ್ಕೆ ನನ್ನ ವಿರೋಧ ಇಲ್ಲ. ನಮ್ಮಲ್ಲಿ ಸಾಮಾನಿನ ಅಸಲು ಬೆಲೆ ಗೋಡೆ ಮೇಲೆ ಬರೆದಿದೆ, ಕೂಲಿಗೆ ಒಂದು ಡಬ್ಬ ಇದೆ. ಡಬ್ಬ ಬಾಗಿಲ ಹತ್ತಿರ ಇಟ್ಟಿದ್ದೇವೆ, ಬೆಂಚಿನ ಮೇಲಲ್ಲ. ಹಾಕಿದವರು ಯಾರು, ಬಿಟ್ಟವರು ಯಾರು ಅಂತ ನಾನು ನೋಡಲು ಹೋಗುವುದಿಲ್ಲ. ಜನ ಹಾಕುತ್ತಾರೆ. ಈ ವಾರ ಹಾಕದವರು ಸಂಬಳದ ವಾರ ಬಂದು ಹಾಕಿ ಹೋಗುತ್ತಾರೆ.

ಆದರೆ ಡಬ್ಬದಿಂದ ಶೆಡ್ ನಡೆಯುವುದಿಲ್ಲ. ಶೆಡ್ ನಡೆಯುವುದು ಮಾರುವ ಸೈಕಲ್ಲಿನಿಂದ. ದಾನಕ್ಕೆ ಬಂದದ್ದರಲ್ಲಿ ಒಳ್ಳೆ ಕಂಪನಿಯ ಗೇರ್ ಸೈಕಲ್ಲು ಆಗಾಗ ಬರುತ್ತದೆ, ಒಂದೆರಡು ತಿಂಗಳು ಓಡಿಸಿ ಮೂಲೆಗೆ ಹಾಕಿದ್ದು. ಅದು ಕಾವಲುಗಾರನಿಗೆ ಬೇಡ. ಚೆನ್ನಾಗಿ ಮಾಡಿ, ಕೊಳ್ಳುವ ಶಕ್ತಿ ಇರುವವರಿಗೆ ಸರಿಯಾದ ಬೆಲೆಗೆ ಮಾರಿ. ಆ ದುಡ್ಡು ಎಷ್ಟೋ ಜನರ ಬ್ರೇಕಿಗೆ ಆಗುತ್ತದೆ. ಇದನ್ನು ಕೊಟ್ಟವರಿಗೆ ಮೊದಲೇ ಹೇಳಿಬಿಡಿ. ಆಮೇಲೆ "ನಾವು ಬಡವರಿಗೆ ಕೊಟ್ಟಿದ್ದು, ನೀವು ಮಾರಿದಿರಿ" ಅಂತ ಬರುತ್ತಾರೆ.

ದುಡಿದು ಗಳಿಸುವ ಕ್ರಮ ಶಾಲೆ ಮಕ್ಕಳಿಗೆ ಬಹಳ ಚೆನ್ನ. ಒಂದು ಸೈಕಲ್ ಪೂರ್ತಿ ಬಿಚ್ಚಿ ಜೋಡಿಸಿದ ಹುಡುಗಿ ತನ್ನ ಸೈಕಲ್ಲನ್ನು ನೋಡಿಕೊಳ್ಳುವ ರೀತಿಯೇ ಬೇರೆ. ಆದರೆ ಎರಡು ಕಡೆ ದುಡಿಯುವ ಹೆಂಗಸಿಗೆ "ಇಷ್ಟು ಗಂಟೆ ಇಲ್ಲಿ ಕೆಲಸ ಮಾಡಿ, ಆಮೇಲೆ ಸೈಕಲ್" ಅಂದರೆ ಅದು ಮೂರನೇ ಕೆಲಸ. ಅವರ ಶ್ರಮ ಬೆಳಗಿನ ಜಾವಕ್ಕೇ ಮುಗಿದಿರುತ್ತದೆ ಸ್ವಾಮಿ. ಅವರಿಗೆ ಸುಮ್ನೆ ಕೊಡಿ.

ಸಂಬಳದ ಬಗ್ಗೆ: ದಾನಿಗಳು ಎಷ್ಟು ಸೈಕಲ್ ಕೊಟ್ಟಿರಿ ಅಂತ ಕೇಳುತ್ತಾರೆ, ಮೆಕ್ಯಾನಿಕ್ಕಿಗೆ ಕೊಡಲು ಮುಖ ತಿರುಗಿಸುತ್ತಾರೆ. ಕೊಟ್ಟ ಸೈಕಲ್ ಆರು ತಿಂಗಳಾದ ಮೇಲೆ ರಸ್ತೆ ಮೇಲೆ ಇದೆಯಾ ಅಂತ ಲೆಕ್ಕ ಇಡಿ, ಅದನ್ನು ಅವರಿಗೆ ತೋರಿಸಿ. ಆಗ ಮೆಕ್ಯಾನಿಕ್ ಯಾಕೆ ಬೇಕು ಅಂತ ಅವರಿಗೇ ಗೊತ್ತಾಗುತ್ತದೆ. ಇದು ನನ್ನ ಸ್ವಾರ್ಥವೂ ಹೌದು, ಮುಚ್ಚಿಡುವುದಿಲ್ಲ.


ಶೆಡ್_ಕೀಲಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆ 6ರಿಂದ 9 ಅಂತ ತೀರ್ಮಾನ ಆಯಿತು, ಒಬ್ಬರೇ ಒಬ್ಬರು ಗೊಣಗಿದರು. ಪಂಕ್ಚರ್ ಅಂಗಡಿಯವರ ಹತ್ತಿರ ಹೋಗಿ ಬಂದೆ. ಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ಎಷ್ಟು ಕೊಡುತ್ತೇವೆ ಅಂತ ಮೊದಲು ಹೇಳಿ, ಆಮೇಲೆ ಏನು ಬೇಕು ಅಂತ ಹೇಳಿದೆ. ಬರುತ್ತೇನೆ ಅಂದಿದ್ದಾರೆ. ಹೊರಡುವಾಗ ನಮ್ಮ ರಾಶಿ ನೋಡಿ ನಕ್ಕರು, ಯಾಕೆ ಅಂತ ಹೇಳಲಿಲ್ಲ.

ಇನ್ನೂ ಮೂರು ಪ್ರಶ್ನೆ ಉಳಿದಿವೆ. ಒಂದು, ಕೆಲವು ಹೆಂಗಸರು ಬಂದು ಇಣುಕಿ ನೋಡಿ ಹೋಗುತ್ತಾರೆ, ಗಂಡಸರು ತುಂಬಿರುತ್ತಾರೆ ಅಂತ ಒಳಗೆ ಬರುವುದಿಲ್ಲ. ಅವರಲ್ಲಿ ಇಬ್ಬರಿಗೆ ಸೈಕಲ್ ತುಳಿಯಲೇ ಬರುವುದಿಲ್ಲವಂತೆ, ಕಲಿಯುವ ಆಸೆ. ಎರಡು, ಒಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಬಂದು ಟೈರ್ ಸಿಗುತ್ತಾ ಅಂತ ಕೇಳಿದರು. ನಮ್ಮ ಹುಡುಗರು ಇಲ್ಲ ಅಂದುಬಿಟ್ಟರು. ಮೂರು, ಒಳ್ಳೆಯದೊಂದು ಸೈಕಲ್ ಇದೆ, ಫ್ರೇಮ್ ಗಟ್ಟಿ, ಆದರೆ ಸೀಟಿನ ಪೈಪು ಜಪ್ಪಯ್ಯ ಅಂದರೂ ಮೇಲೆ ಬರುತ್ತಿಲ್ಲ.


ಚಕ್ರಪುರಾಣ:

ಮೊದಲನೆಯದಕ್ಕೆ: ಬೇರೆ ದೇಶಗಳ ಇಂಥ ಶೆಡ್‌ಗಳಲ್ಲಿ ವಾರಕ್ಕೊಂದು ಸಂಜೆಯನ್ನು ಹೆಂಗಸರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಅಂತಲೇ ಮೀಸಲಿಡುವ ರೂಢಿ ಇದೆ. ಅವತ್ತು ಬೆಂಚಿನ ಹಿಂದೆ ನಿಂತು ಹೇಳಿಕೊಡುವವರೂ ಅವರೇ. ನೀವೂ ಹಾಗೆ ಮಾಡಬಹುದು.


ಗ್ರೀಸ್_ಕೈ:

ಆ ಸಂಜೆ ನಾನು ರಜೆ ತಗೊಳ್ಳುತ್ತೇನೆ, ಸಂತೋಷವಾಗಿ. ನಮ್ಮಲ್ಲೂ ಇದೆ.

ದೊಡ್ಡವರಿಗೆ ತುಳಿಯಲು ಕಲಿಸುವಾಗ ಹಿಂದಿನಿಂದ ಸೀಟು ಹಿಡಿದು ಓಡಬೇಡಿ, ನಿಮಗೂ ಏದುಸಿರು, ಅವರಿಗೂ ಭಯ. ಎರಡೂ ಪೆಡಲ್ ಬಿಚ್ಚಿಬಿಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟುವಷ್ಟು ಸೀಟು ಇಳಿಸಿ. ಕಾಲಿನಿಂದ ನೆಲ ಒದ್ದುಕೊಂಡು ಹೋಗಲಿ, ಸ್ವಲ್ಪ ಇಳಿಜಾರು ಇದ್ದರೆ ಇನ್ನೂ ಒಳ್ಳೆಯದು. ಬ್ಯಾಲೆನ್ಸು ಬಂದ ಮೇಲೆ ಪೆಡಲ್ ಹಾಕಿ. ಎಡ ಪೆಡಲ್ ಉಲ್ಟಾ ಮರೆ, ನೆನಪಿರಲಿ. ಮೇಲಿನ ಅಡ್ಡ ಪೈಪು ಇಲ್ಲದ ಫ್ರೇಮ್ ರಾಶಿಯಲ್ಲಿ ಸಿಕ್ಕರೆ ಇದಕ್ಕೆ ಅಂತಲೇ ತೆಗೆದಿಡಿ.

ಗಾಲಿಕುರ್ಚಿಗೆ ಇಲ್ಲ ಅನ್ನಬೇಡಿ. ದೊಡ್ಡ ಚಕ್ರ ಬಹಳಷ್ಟು ಸಲ 24 × 1 3/8, ಮೂರಂಕಿ 540 ಇರುತ್ತದೆ. ಪಕ್ಕದಲ್ಲಿ ಅಚ್ಚಾಗಿರುವುದನ್ನು ಓದಿ ನೋಡಿ. 24 ಅಂತ ಬರೆದ ಮಕ್ಕಳ ಸೈಕಲ್ ಟೈರು ಅದಕ್ಕೆ ಆಗುವುದಿಲ್ಲ, ಅದು ಸಾಮಾನ್ಯವಾಗಿ 507. ಟ್ಯೂಬು, ಪ್ಯಾಚು, ಕಡ್ಡಿ ಬಿಗಿ ಮಾಡುವುದು, ಬೇರಿಂಗಿಗೆ ಗ್ರೀಸು, ಎಲ್ಲ ನಮ್ಮದೇ ಕೆಲಸ. ಅವರನ್ನು ವಾಪಸ್ ಕರೆಯಿರಿ. ಚಕ್ರ ನಿಂತರೆ ಅವರಿಗೆ ಇನ್ನೊಂದು ದಾರಿ ಅಂತ ಇರುವುದಿಲ್ಲ, ಅವರು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ.

ಸೀಟಿನ ಪೈಪು: ಅಲ್ಯೂಮಿನಿಯಂ ಪೈಪು, ಕಬ್ಬಿಣದ ಫ್ರೇಮು ಇರಬೇಕು. ನೀರು ಇಳಿದು ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಮೊದಲು ಬೋಲ್ಟು ಪೂರ್ತಿ ಬಿಚ್ಚಿದ್ದೀರಾ ನೋಡಿ. ತುಕ್ಕು ಬಿಡಿಸುವ ಎಣ್ಣೆ ಸುತ್ತ ಬಿಟ್ಟು ರಾತ್ರಿ ಹಾಗೇ ಇಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ಅಚ್ಚಿನ ಕಡೆಯಿಂದಲೂ ಬಿಟ್ಟರೆ ಒಳ್ಳೆಯದು. ಮಾರನೇ ದಿನ ಸೀಟು ಬಿಚ್ಚಿ, ಪೈಪಿನ ತುದಿಯನ್ನು ಬೆಂಚ್ ವೈಸಿಗೆ (ಬೆಂಚಿಗೆ ಕೂರಿಸಿದ ಹಿಡಿಕೆಗೆ) ಬಿಗಿಯಾಗಿ ಕಚ್ಚಿಸಿ, ಫ್ರೇಮನ್ನೇ ಹ್ಯಾಂಡಲ್ ಥರ ಹಿಡಿದು ತಿರುಗಿಸಿ. ಒಮ್ಮೆಲೇ ಎಳೆಯಬೇಡಿ, ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಪೈಪು ಹಾಳಾದರೂ ಪರವಾಗಿಲ್ಲ, ಫ್ರೇಮು ಉಳಿಯಬೇಕು. ಬಂದರೆ ಒಳಗೆ ಗ್ರೀಸ್ ಹಚ್ಚಿ ಬೇರೆ ಪೈಪು ಹಾಕಿ. ಬರದೇ ಹೋದರೆ ಬಿಡಿ, ಆ ಎತ್ತರಕ್ಕೆ ಸರಿಹೋಗುವವರು ಯಾರಾದರೂ ಒಬ್ಬರು ಬಂದೇ ಬರುತ್ತಾರೆ.